ಲಗೇಜು

ಮೂವತ್ತು ಕಿಲೋದ ತನಕ ಪುಕ್ಕಟ,
ಮ್ಯಾಲಿಂದಕ್ಕ ಲಗೇಜ್ ಟಿಕೆಟ್.
ಹದಿನಾಕು ವರ್ಷ ಇದೇ ಮಾತು ಹೇಳೀನಿ
ಕಲಬುರಗಿ, ಶಹಾಬಾದ, ವಾಡಿ ಬಸ್ಸಿನ್ಯಾಗ.
ಜೋಳದ ಚೀಲ ಒಂದು ಕೈಲೇ ಎತ್ತಿ
ಎಷ್ಟದ ಅಂತ ಹೇಳಾಕಿ ನಾನು
ನನ್ನ ತೂಕ ಯಾರಿಗೂ ಹೇಳಿಲ್ಲ.

ಸೇಡಂ ರೋಡಿನ ದವಾಖಾನಿ, ಮೂರನೇ ಮಾಳಿಗಿ.
ನಾ ಲಿಫ್ಟಿನ್ಯಾಗ ಕಾಲಿಟ್ಟ ಕೂಡ್ಲೇ
ಒಳಗಿದ್ದವರು ಗ್ವಾಡಿಗೆ ಅಂಟಿಕೊಂಡ್ರು.
ಹೊರಗ ಬಂದು ಮೆಟ್ಟಲಾ ಹತ್ತಿದೆ.
ಹದಿನೆಂಟನೇ ಮೆಟ್ಟಲದಾಗ ಉಸಿರು ನಿಂತಿತು;
ನೀರು ಕುಡಿಯೋರಂಗ ಬಾಟ್ಲಿ ಬಾಯಿಗಿಟ್ಟೆ.
ಬಾಟ್ಲಿ ಖಾಲಿ ಇತ್ತು.

"ಚಪ್ಪಲಿ ಬಿಚ್ರಿ" ಅಂದಳು ನರ್ಸು.
ಚಪ್ಪಲಿ ಬಿಟ್ಟೆ. ಬಳಿ ತೆಗಿಲಾಕ ಹೋದೆ.
"ಬಳಿ ಇರ್ಲಿ ಬಿಡ್ರಿ ಅಕ್ಕೋರೆ."
ತೊಂಬತ್ತೊಂದು ಪಾಯಿಂಟ್ ಆರು.
ಅದರಾಗ ಮೂವತ್ತು ಕಳಿ, ಉಳಿದಿದ್ದಕ್ಕ
ವಾಡಿ ತನಕ ಎಷ್ಟಾತು?
ಬೆರಳು ತಾವೇ ಮಿಷಿನ್ನಿನ ಗುಂಡಿ ಹುಡುಕಿದವು.

ವಾಡಿ ಸ್ಟೇಷನ್ನಿನಾಗ ಆವಾಗ ಒಂದು ಕಾಟಾ ಇತ್ತು,
ಕೆಂಪು ಹಳದಿ ದೀಪ ಗಿರಗಿರ ತಿರುಗೋದು.
ಅಪ್ಪ ಎಂಟಾಣೆ ಹಾಕ್ತಿದ್ದ,
ಗಟ್ಟಿ ಟಿಕೆಟ್ಟು ಟಪ್ ಅಂತ ಬೀಳ್ತಿತ್ತು:
ಒಂದು ಮಗ್ಗಲ ಇಪ್ಪತ್ತೆರಡು ಕಿಲೋ,
ಇನ್ನೊಂದು ಮಗ್ಗಲ ಹಿಂದಿಯೊಳಗ ನಸೀಬು.
"ನಿನಗ ಬಾಳ ತಿರುಗಾಟ ಅದಂತ, ಜಗದೇವಿ."
ಒಂದು ಕಿಲೋ ಏರಿದ್ರ ಪೇಡಾ.
ಏರೋದು ಅಂದ್ರ ಖುಷಿ ಇತ್ತು ಆವಾಗ.

ಆಮ್ಯಾಲೆ ಒಮ್ಮೆ
ಹಿಂದಿನ ಸೀಟಿನ ಹುಡುಗ ಅಂದ,
"ಟೈರಿಗಲ್ಲ, ಕಂಡಕ್ಟರಿಗೇ ಹವಾ ಜಾಸ್ತಿ ಆಗ್ಯಾದ."
ಬಸ್ಸೆಲ್ಲಾ ನಕ್ಕಿತು.
ಡ್ರೈವರ್ ಮಶಾಕಣ್ಣ ಖಾಲಿ ರೋಡಿನ್ಯಾಗ
ಹಾರ್ನ್ ಹೊಡಕೋತ ಹೋದ.
ನನಗ ನಗು ಕೇಳಬಾರದಂತೋ,
ತನ್ನ ನಗು ಕೇಳಬಾರದಂತೋ, ಇನ್ನೂ ಕೇಳಿಲ್ಲ ನಾ.

ಪುಡಿ ಮಾರಾಕಿ ಒಬ್ಬಾಕಿ ಮನಿಗೇ ಬಂದಿದ್ದಳು,
ಡಬ್ಬಿಗೆ ಮೂರು ಸಾವಿರ.
ಹೊಟ್ಟಿ ಕಡದು ನಾಕು ದಿನದ ಪಗಾರ ಇಳೀತು.
ಮತ್ತೇನೂ ಇಳೀಲಿಲ್ಲ.

"ಎಷ್ಟು ಉಂತೀರಿ" ಅಂತ ಕೇಳ್ತಾರ ಅಂತ
ದಾರಿ ಉದ್ದಕ ಸುಳ್ಳು ತಯಾರು ಮಾಡಿದ್ದೆ:
ರೊಟ್ಟಿ ಎರಡೇ ಎರಡು, ಪಲ್ಯ, ಮಜ್ಜಗಿ.
ತಸ್ನೀಮ್ ಡಾಕ್ಟರಮ್ಮ ಕೇಳಿದ್ದು ಬ್ಯಾರೆ:
"ಯಾವಾಗ ಉಂತೀರಿ?"
ಯಾವಾಗ?
ನಾಕೂವರಿಗೆ ಡ್ಯೂಟಿ, ಚಾ.
ಹನ್ನೊಂದಕ್ಕ ವಾಡಿ, ಮಿರ್ಚಿ ಭಜಿ, ಚಾ.
ಬುತ್ತಿ ಬಿಚ್ಚೋದು ಕೆಲವೊಮ್ಮೆ ನಾಕಕ್ಕ,
ಕೆಲವೊಮ್ಮೆ ಮನಿಗೆ ಹೋಗಿ, ನಿಂತೇ.
"ನೀರು?"
"ಬಸ್ ಸ್ಟ್ಯಾಂಡಿನ ಪಾಯಖಾನಿ ನೋಡೀರೇನ್ರಿ ಡಾಕ್ಟರಮ್ಮ?
ಅದಕ್ಕ ಕುಡಿಯಂಗಿಲ್ಲ."

ಆಕಿ ಬರಿಯೋದು ಬಿಟ್ಟಳು.
ಬೈಯಲಿಲ್ಲ. ತಾನೇ ಎದ್ದು ಹೋಗಿ
ಒಂದು ಗ್ಲಾಸು ನೀರು ತಂದಿಟ್ಟಳು.
ಪೂರ್ತಿ ಕುಡದೆ. ಹಣಿ ಬೆವತಿತ್ತು,
ಕಣ್ಣೂ ಒರಸಿದೆ ಅದೇ ಸೆರಗಿಲೆ.

ರಕ್ತ ಕೊಟ್ಟೆ. ಥೈರಾಯ್ಡ್ ಅಂತ ಬಂತು.
ಬೆಳಕು ಹರಿಯೋದ್ರಾಗ ಖಾಲಿ ಹೊಟ್ಟಿಗೆ ಒಂದು ಗುಳಗಿ,
ಅರ್ಧ ತಾಸಿನ ಮ್ಯಾಲ ಚಾ.
"ಗುಳಗಿಯೊಂದೇ ಸಾಲಂಗಿಲ್ಲ.
ಹೊತ್ತಿಗೆ ಉಣ್ರಿ, ನಿದ್ದಿ ಮಾಡ್ರಿ, ಜರಾ ನಡೀರಿ.
ಮೂರು ತಿಂಗಳಿಗೆ ನಾಕು ಕಿಲೋ. ಅವಸರ ಬ್ಯಾಡ."
ಬುತ್ತಿ ಈಗ ಶಹಾಬಾದಿನ್ಯಾಗ ಬಿಚ್ಚತೀನಿ.
ಮಶಾಕಣ್ಣ ಎರಡು ನಿಮಿಷ ಹೆಚ್ಚಿಗಿ ನಿಲ್ಲಸ್ತಾನ,
ಗಾಡಿ ಹಿಂದಕ್ಕ ಏನೋ ನೋಡೋರಂಗ ತಿರಗತಾನ.

ಆರು ವಾರಕ್ಕ ತೊಂಬತ್ತು ಪಾಯಿಂಟ್ ನಾಕು.
ಮನಿಗೆ ಹೋಗೋವಾಗ ಕಿರಾಣಿ ಅಂಗಡ್ಯಾಗ
ಒಂದು ಕಿಲೋ ತೊಗರಿಬ್ಯಾಳಿ ಎತ್ತಿ ಹಿಡದೆ.
ಇಷ್ಟು, ಇದರ ಮ್ಯಾಲ ಇನ್ನೊಂದೆರಡು ಹಿಡಿ.
ಎಲ್ಲಿತ್ತು ಇದು, ಗದ್ದದ ಕೆಳಗೋ, ಮಣಕಾಲಿನ ಮ್ಯಾಲೋ?
ಟಿಕೆಟ್ ಇಲ್ಲದ ಹತ್ತಿತ್ತು,
ಮರತೂರಿನ್ಯಾಗೋ ಎಲ್ಲೋ ಸೀಟಿ ಹೊಡಿಸದ ಇಳಿದದ.

"ಕಟ್ಟಲೇನ್ರಿ ಅಕ್ಕೋರೆ, ಒಂದು ಕಿಲೋ?"
"ಇಲ್ರಿ, ಇಳಿಸೀನಿ ಈಗಷ್ಟೇ."
ಅವನಿಗೆ ತಿಳೀಲಿಲ್ಲ.
ಆಮ್ಯಾಲೆ ಅರ್ಧ ಕಿಲೋ ಕಟ್ಟಸ್ಕೊಂಡೆ,
ಮನ್ಯಾಗ ಬ್ಯಾಳಿ ತೀರಿತ್ತು.